ಎರಡು ನಿಮಿಷದ ನೀಲಿ ಬೆಳಕು

ಸೋಮವಾರ ಬೆಳಿಗ್ಗೆ ಏಳೂವರೆಗೆ ಬಾಗಿ ಬೀಗಕ್ಕೆ ಕೀಲಿ ಹಾಕಿದಳು. ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಬೀಗ ಬಿದ್ದಿರಲೇ ಇಲ್ಲ.

ಬೆಂದೂರ್‌ವೆಲ್‌ನ ಹಳೇ ಕಟ್ಟಡವೊಂದರ ಎರಡನೇ ಮಹಡಿ. ಡಾಕ್ಟರ್ ಸೆವರಿನ್ ಲೋಬೊ ಅವರ ಪುಟ್ಟ ಪ್ರಯೋಗಾಲಯ. ಹನ್ನೊಂದು ವರ್ಷದಿಂದ ಬಾಗಿ ಅದನ್ನು ಗುಡಿಸಿ ಒರೆಸುತ್ತಿದ್ದಳು. ಹನ್ನೊಂದು ವರ್ಷದಿಂದ ಡಾಕ್ಟರು ಒಂದೇ ಕೆಲಸದ ಹಿಂದೆ ಬಿದ್ದಿದ್ದರು: ಸೂಜಿ ದಾರ ಇಲ್ಲದೆ ಗಾಯ ಮುಚ್ಚುವ ಅಂಟು. ಗುಲಾಬಿ ಬಣ್ಣದ ಲೋಳೆ. ಗಾಯದ ಅಂಚಿಗೆ ಸವರಬೇಕು, ಅಂಚುಗಳನ್ನು ಕೂಡಿಸಬೇಕು, ಮೇಲಿಂದ ನೀಲಿ ಬೆಳಕು ಬಿಡಬೇಕು. ಲೋಳೆ ಗಟ್ಟಿಯಾಗಿ ಚರ್ಮವನ್ನು ಹಿಡಿದುಕೊಳ್ಳುತ್ತದೆ. ವರ್ಷದಿಂದೀಚೆಗೆ ಸರಕಾರದ ಒಪ್ಪಿಗೆಯೂ ಸಿಕ್ಕಿ, ಸಣ್ಣಪುಟ್ಟ ಗಾಯಗಳಿಗೆ ಅದನ್ನು ಹಾಕಿ ನೋಡುವ ಪ್ರಯೋಗ ನಡೆದಿತ್ತು.

ಡಾಕ್ಟರು ಮೇಜಿನ ಮೇಲೆ ತಲೆಯಿಟ್ಟಿದ್ದರು. ಕೈಯಲ್ಲಿ ಪೆನ್ನು. ಕಣ್ಣಿಗೆ ಕನ್ನಡಕ. ತಲೆಯ ಹಿಂಭಾಗದಲ್ಲಿ ರಕ್ತ ಒಣಗಿತ್ತು. ನೆಲದ ತುಂಬ ನೀರಿನ ಹೂಜಿಯ ಗಾಜು.

ಆಮೇಲೆ ತಾನು ಏನೇನು ಮಾಡಿದೆ ಎಂದು ಬಾಗಿ ಪೊಲೀಸರಿಗೆ ಪೂರ್ತಿ ಹೇಳಲಿಲ್ಲ. ಹೇಳಿದ್ದರೆ ಈ ಕಥೆ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತಿತ್ತು. ಅವಳ ಕೂಗು ಮಾತ್ರ ಕೆಳಗಿನ ಬೇಕರಿಯವರಿಗೂ ಕೇಳಿಸಿತು.

*

ಇನ್‌ಸ್ಪೆಕ್ಟರ್ ಹೇಮಾಕ್ಷಿ ಎಂಟೂ ಹತ್ತಕ್ಕೆ ಬಂದಳು. ಜೊತೆಗೆ ಹೆಡ್ ಕಾನ್‌ಸ್ಟೇಬಲ್ ಉಸ್ಮಾನ್. ಕಾಟಿಪಳ್ಳದಿಂದ ಎರಡು ಬಸ್ಸು ಬದಲಿಸಿ ಬಂದ ಉಸ್ಮಾನನಿಗೆ ತಿಂಡಿ ಆಗಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಅವನಿಗೆ ಅಪರಾಧಿಗಳು ಬೇಗ ಬೇಗ ಸಿಗುತ್ತಾರೆ ಎಂಬುದು ಠಾಣೆಯಲ್ಲಿ ಎಲ್ಲರಿಗೂ ಗೊತ್ತು.

ಹೇಮಾಕ್ಷಿ ನೆಲ ನೋಡಿದಳು. ಹೂಜಿಯ ಹಿಡಿಯ ಮೇಲೂ ರಕ್ತ. ಅಲ್ಲಿಂದ ಹನಿ ಹನಿಯಾಗಿ ಅದು ಒಳಕೋಣೆಗೆ ಹೋಗಿತ್ತು. ಡಾಕ್ಟರು ಕುರ್ಚಿಯಿಂದ ಎದ್ದೇ ಇರಲಿಲ್ಲ. ಎಂದರೆ ಈ ರಕ್ತ ಹೊಡೆದವನದು.

"ಹೂಜಿ ಒಡೆದು ಅವನ ಕೈಯನ್ನೇ ಕೊಯ್ದಿದೆ," ಎಂದಳು.

"ಹಾಗಾದ್ರೆ ಸುಲಭ ಮೇಡಂ. ಕೈಗೆ ಬ್ಯಾಂಡೇಜ್ ಹಾಕಿದವ ಯಾರುಂಟು ಅಂತ ನೋಡಿದ್ರಾಯ್ತು."

ಒಳಕೋಣೆಗೆ ಕಿಟಕಿ ಇರಲಿಲ್ಲ. ಟ್ಯೂಬ್‌ಲೈಟ್ ಉರಿಯುತ್ತಿತ್ತು. ಗೋಡೆಯಲ್ಲಿ ಎರಡು ಸ್ವಿಚ್ಚು: ಒಂದು ಟ್ಯೂಬ್‌ಲೈಟಿಗೆ, ಇನ್ನೊಂದು ಹಳದಿ ದೀಪಕ್ಕೆ. ಎರಡರ ಮೇಲೂ ರಕ್ತದ ಬೆರಳಚ್ಚು, ಒರೆಸಿದ ಹಾಗೆ. ಫ್ರಿಜ್ಜಿನ ಬಾಗಿಲು ತೆರೆದಿತ್ತು. ಬೆಳ್ಳಿ ಹಾಳೆ ಸುತ್ತಿದ ಸಣ್ಣ ಸಿರಿಂಜುಗಳು ನೆಲದಲ್ಲಿ ತುಳಿದು ಚಪ್ಪಟೆಯಾಗಿದ್ದವು. ಗುಲಾಬಿ ಲೋಳೆ ಅಲ್ಲಲ್ಲಿ ಹರಡಿ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿತ್ತು. ಅದರ ನಡುವೆ ಒಂದು ಗುರುತು. ಹವಾಯಿ ಚಪ್ಪಲಿ ಜಾರಿದ ಗುರುತು. ಗೆರೆ ಗೆರೆಯಾಗಿ, ಅಚ್ಚು ಒತ್ತಿದ ಹಾಗೆ ಉಳಿದಿತ್ತು.

"ಸಿಕ್ಕಿದ!" ಎಂದ ಉಸ್ಮಾನ್.

"ಚಪ್ಪಲಿ ಸಿಕ್ಕಿತು ಮಾರಾಯ. ಮನುಷ್ಯ ಇನ್ನೂ ಸಿಗಲಿಲ್ಲ. ಇದರ ಅಳತೆ ತಗೊಳ್ಳಿ."

ಪೊಲೀಸ್ ವೈದ್ಯರು ಹೆಣ ನೋಡಿ ಹೇಳಿದರು: ಸತ್ತದ್ದು ಭಾನುವಾರ ಮಧ್ಯಾಹ್ನ ಮೂರರಿಂದ ಆರರ ನಡುವೆ.

*

ಒಂಬತ್ತಕ್ಕೆ ಪ್ರಯೋಗಾಲಯದ ಇಬ್ಬರೂ ಬಂದರು. ಶರ್ಲಿ, ನಲವತ್ತೈದರ ನರ್ಸು. ಡಾಕ್ಟರ ಜೊತೆ ಮೊದಲ ದಿನದಿಂದ ಇದ್ದವಳು. ಬಂದವಳೇ ಗೋಡೆಗೆ ಒರಗಿ ಕೂತು ಅತ್ತಳು. ಇನ್ನೊಬ್ಬ ಡಾಕ್ಟರ್ ಜೋಯೆಲ್ ಮಿನೇಜಸ್, ಮೂವತ್ತೆರಡು ವರ್ಷ. ಎರಡು ವರ್ಷದಿಂದ ಡಾಕ್ಟರ ಬಲಗೈ. ಪ್ರಯೋಗಕ್ಕೆ ಬಂದವರಿಗೆ ಅಂಟು ಹಾಕುತ್ತಿದ್ದವನು ಹೆಚ್ಚಾಗಿ ಅವನೇ.

"ಇಬ್ಬರೂ ಕೈ ತೋರಿಸಿ," ಎಂದಳು ಹೇಮಾಕ್ಷಿ.

ಉಸ್ಮಾನ್ ಕೈ ನೋಡಿದ. ಬ್ಯಾಂಡೇಜಿಲ್ಲ, ಹೊಲಿಗೆಯಿಲ್ಲ. ಶರ್ಲಿಯ ಕೈ ಸಾಬೂನಿಗೆ ಸವೆದ ಕೈ. ಜೋಯೆಲನದು ಓದಿದವರ ಕೈ, ಅಂಗೈಯ ಗೆರೆಗಳು ಬಿಟ್ಟರೆ ಮತ್ತೇನೂ ಇಲ್ಲ.

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

ಶರ್ಲಿ ಮನೆಯಲ್ಲಿ ಒಬ್ಬಳೇ ಇದ್ದಳು. ಜೋಯೆಲ್ ಫೋನು ತೆಗೆದು ಒಂದು ಫೋಟೋ ತೋರಿಸಿದ. ಬಿಕರ್ನಕಟ್ಟೆಯ ಬಾಲ ಯೇಸುವಿನ ಪುಣ್ಯಕ್ಷೇತ್ರ. ಅಮ್ಮ, ತಂಗಿ ರೀಮಾ, ನಡುವೆ ಅವನು. ಬಲಗೈಯಲ್ಲಿ ಉರಿಯುವ ಮೇಣದಬತ್ತಿ. ಸಮಯ ಸಂಜೆ ಐದೂ ಮೂವತ್ತೈದು.

"ಮೂರಕ್ಕೋ ನಾಲ್ಕಕ್ಕೋ ರಕ್ತ ಸುರಿಯುವ ಕೈ ಐದೂವರೆಗೆ ಮೇಣದಬತ್ತಿ ಹಿಡಿಯುದಿಲ್ಲ ಅಲ್ವಾ ಮೇಡಂ?" ಎಂದು ಉಸ್ಮಾನ್ ಹೊರಗೆ ಬಂದು ಪಿಸುಗುಟ್ಟಿದ. ಮಾತು ಸರಿಯಾಗಿತ್ತು. ಹೇಮಾಕ್ಷಿ ತಲೆಯಾಡಿಸಿದಳು.

ಜೋಯೆಲನೇ ಒಂದು ಹೆಸರು ಕೊಟ್ಟ. "ಬೆಂಗ್ರೆಯ ಜಯ ಅಂತ. ಬಲೆ ಕೆಲಸದವ. ಎರಡು ತಿಂಗಳ ಹಿಂದೆ ಅವನ ಮುಂಗೈ ಗಾಯಕ್ಕೆ ಅಂಟು ಹಾಕಿದ್ದೆವು. ಪೂರ್ತಿ ಗುಣ ಆಗಿತ್ತು. ಆದ್ರೂ ಶನಿವಾರ ಬಂದು ಸರ್ ಹತ್ರ ಬೊಬ್ಬೆ ಹಾಕಿದ. ಗಮ್ಮು ಎಲ್ಲ ಬಿಸಾಡಿ ಅಂತ ಹೇಳಿ ಹೋದ."

"ಎಲ್ಲ ಬಿಸಾಡಿ ಅಂತ?"

"ಹೌದು, ಶರ್ಲಿಯೂ ಕೇಳಿದ್ದಾರೆ."

ಶರ್ಲಿ ಕಣ್ಣೊರೆಸಿಕೊಂಡು ಹೌದೆಂದಳು.

*

ಬಂದರಿನಿಂದ ದೋಣಿ ಹತ್ತಿದರೆ ಬೆಂಗ್ರೆಗೆ ಹತ್ತು ನಿಮಿಷ. ಜಯ ಮನೆಯ ಮುಂದೆ ಬಲೆ ಹರಡಿಕೊಂಡು ಕೂತಿದ್ದ. ಎಡಗೈಯಲ್ಲಿ ಮಾತ್ರ ಕೆಲಸ. ಬಲ ಅಂಗೈಗೆ ದಪ್ಪ ಬ್ಯಾಂಡೇಜು.

ಉಸ್ಮಾನ್ ಹೇಮಾಕ್ಷಿಯ ಮುಖ ನೋಡಿದ. "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಮೇಡಂ?"

ಮಗಳು ದೀಕ್ಷಿತಾ ಒಳಗಿಂದ ಸರಕಾರಿ ಆಸ್ಪತ್ರೆಯ ಚೀಟಿ ತಂದಳು. ಆರು ಹೊಲಿಗೆ. ಭಾನುವಾರ ಸಂಜೆ ಐದೂಕಾಲು.

"ಎಂತ ಆದದ್ದು?"

"ಹಗ್ಗ ಕೊಯ್ಯುವಾಗ ಕತ್ತಿ ಜಾರಿತು ಮೇಡಂ. ನಾಲ್ಕೂವರೆ ಹೊತ್ತಿಗೆ."

"ನೋಡಿದವರು ಯಾರು?"

"ಯಾರೂ ಇಲ್ಲ. ಮಗಳು ಕೆಲಸಕ್ಕೆ ಹೋಗಿದ್ದಳು. ನಾನೊಬ್ಬನೇ ದೋಣಿ ಹತ್ತಿ ಆಸ್ಪತ್ರೆಗೆ ಹೋದೆ."

"ಗಮ್ಮು ಹಾಕುವಲ್ಲಿಗೆ ಯಾಕೆ ಹೋಗಲಿಲ್ಲ?"

ಜಯ ಎಡಗೈಯಿಂದ ಬಲ ಮುಂಗೈಯ ಅಂಗಿ ಮೇಲೆಳೆದ. ಬೆರಳುದ್ದದ ಗಾಯದ ಕಲೆ. ಅಗಲವಾಗಿ, ಸುಕ್ಕಾಗಿ, ನಡುವೆ ಬಿರಿದು ಮತ್ತೆ ತುಂಬಿದ ಹಾಗೆ. "ನಾಲ್ಕನೇ ದಿನಕ್ಕೆ ಬಿಚ್ಚಿಹೋಯ್ತು. ಒಂದು ತಿಂಗಳು ಕೀವು. ಇನ್ನು ನನಗೆ ಸೂಜಿಯೇ ಸಾಕು."

"ಶನಿವಾರ ಜಗಳ ಮಾಡಿದ್ರಂತೆ."

"ಸ್ವರ ದೊಡ್ಡದಾದದ್ದು ಹೌದು. ಕಡಲಲ್ಲಿ ಮಾತಾಡಿ ಅಭ್ಯಾಸ. ದೊಡ್ಡ ಡಾಕ್ಟ್ರು ಗಾಯ ನೋಡಿ ಸುಮ್ಮನಾಗಿಬಿಟ್ರು. 'ನನಗೆ ಯಾರೂ ಹೇಳ್ಲಿಲ್ಲ ಜಯ' ಅಂದ್ರು. ಕೈ ಹಿಡಿದು ಕ್ಷಮಿಸು ಅಂದ್ರು. ನನಗೇ ಬೇಜಾರಾಯ್ತು."

ಚೀಟಿಯ ಪ್ರಕಾರ ಜಯನ ರಕ್ತದ ಗುಂಪು ಓ ಪಾಸಿಟಿವ್. ಹೂಜಿಯ ಮೇಲಿನದೂ ಅದೇ. ಊರಿನ ಮೂರರಲ್ಲಿ ಒಬ್ಬರದು ಅದೇ. ಹೇಮಾಕ್ಷಿ ಇದನ್ನೂ ಮೇಲಧಿಕಾರಿ ಎಸಿಪಿಗೆ ಫೋನಿನಲ್ಲಿ ಹೇಳಿದಳು. ಡಿಎನ್ಎ ವರದಿ ಬರಲು ಮೂರು ವಾರ ಬೇಕು. ಎಸಿಪಿಗೆ ಮೂರು ಗಂಟೆಯೂ ಹೆಚ್ಚು. ಪತ್ರಿಕೆಯವರು ಆಗಲೇ ಠಾಣೆಯ ಗೇಟಿನ ಹತ್ತಿರ ನಿಂತಿದ್ದರು.

"ಒಳಗೆ ಹಾಕಿ. ನಾಳೆ ಹನ್ನೊಂದಕ್ಕೆ ಕೋರ್ಟಿಗೆ," ಎಂದರು.

ಜಯ ಎದ್ದು ನಿಂತ. ಗಲಾಟೆ ಮಾಡಲಿಲ್ಲ. ದೀಕ್ಷಿತಾ ದೋಣಿಯವರೆಗೂ ಹಿಂದೆಯೇ ಬಂದಳು.

"ಮೇಡಂ, ನಾಳೆ ಪೇಪರಲ್ಲಿ ಅಪ್ಪನ ಹೆಸರು ಬಂದರೆ ಮತ್ತೆ ಬಿಟ್ಟರೂ ಒಂದೇ, ಬಿಡದಿದ್ದರೂ ಒಂದೇ. ಈ ಊರು ಸಣ್ಣದು."

ಹೇಮಾಕ್ಷಿಗೆ ಹುಡುಗಿ ಹೇಳಿದ್ದು ನಿಜ ಎಂದು ಗೊತ್ತಿತ್ತು, ಅದಕ್ಕೇ ಸಿಟ್ಟು ಬಂತು. ದೋಣಿಯಲ್ಲಿ ಅವಳು ಜಯನ ಕಾಲು ನೋಡಿದಳು. ಹವಾಯಿ ಚಪ್ಪಲಿ. ಒಂಬತ್ತನೇ ನಂಬರು.

"ಉಸ್ಮಾನ್, ನೀವು ತಗೊಂಡ ಅಳತೆ ಎಷ್ಟು?"

ಉಸ್ಮಾನ್ ಪುಸ್ತಕ ತೆಗೆದ. ಅವನ ಮುಖ ಸಪ್ಪಗಾಯಿತು. "ಐದು, ಮೇಡಂ."

"ದೊಡ್ಡ ಕಾಲಿನವ ಸಣ್ಣ ಚಪ್ಪಲಿ ಹಾಕಿ ಜಾರಿದ ಅಂತ ಬರೆಯುವುದಾ?"

*

ಬಾಗಿಯ ಮನೆ ಕಂಕನಾಡಿಯ ಹಿಂದಿನ ಓಣಿಯಲ್ಲಿ. ಬರಿಗಾಲಲ್ಲಿ ಬಾಗಿಲು ತೆಗೆದಳು. ಹೇಮಾಕ್ಷಿ ಸಮವಸ್ತ್ರದ ಟೋಪಿ ತೆಗೆದಿಟ್ಟು ಮೆಟ್ಟಿಲಲ್ಲೇ ಕೂತು ತುಳುವಿನಲ್ಲಿ ಮಾತಾಡಿದಳು. ಮೊದಲು ಮೊಮ್ಮಕ್ಕಳ ವಿಷಯ. ಆಮೇಲೆ ಮೊಣಕಾಲು ನೋವಿನ ವಿಷಯ. ಆಮೇಲೆ ಕೇಳಿದಳು: "ಬಾಗಿಯಕ್ಕ, ನಿಮ್ಮ ಚಪ್ಪಲಿ ಎಲ್ಲಿ?"

ಬಾಗಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಬಿಸಾಡಿದೆ ಅಮ್ಮ. ನಾನು ಕೊಂದದ್ದಲ್ಲ. ಒಳಗೆ ಹಳದಿ ಲೈಟು ಕಾಣ್ತಾ ಇತ್ತು. ಶರ್ಲಿಬಾಯಿ ಬೇಗ ಬಂದಿದ್ದಾರೆ ಅಂತ ಕರೆಯಲಿಕ್ಕೆ ಓಡಿದೆ. ಕಾಲಡಿ ಬೆಣ್ಣೆ ಹಾಗೆ ಎಂತದೋ ಜಾರಿತು. ಬಿದ್ದೆ. ಎದ್ದು ಹಳದಿ ಲೈಟು ಆರಿಸಿ ಟ್ಯೂಬ್ ಹಾಕಿದೆ. ಆಮೇಲೆ ಬೊಬ್ಬೆ ಹಾಕಿದೆ. ಪೊಲೀಸಿನವರು ಚಪ್ಪಲಿ ಗುರುತು ಅಂದಾಗ ಜೀವವೇ ಹೋಯ್ತು."

"ಜಾರಿತು ಅಂದ್ರಲ್ಲ. ಮೆತ್ತಗೆ ಇತ್ತಾ?"

"ಮೆತ್ತಗೆ. ಈಗಷ್ಟೇ ಚೆಲ್ಲಿದ ಹಾಗೆ."

ಹೇಮಾಕ್ಷಿ ಲೆಕ್ಕ ಹಾಕಿದಳು. ಭಾನುವಾರ ಚೆಲ್ಲಿದ ಲೋಳೆ ಸೋಮವಾರ ಬೆಳಿಗ್ಗೆಯೂ ಮೆತ್ತಗಿತ್ತು. ಅವಳು ಎಂಟೂ ಹತ್ತಕ್ಕೆ ಬರುವಾಗ ಕಲ್ಲಾಗಿತ್ತು. ನಡುವೆ ಆದದ್ದು ಒಂದೇ: ಬಾಗಿ ಟ್ಯೂಬ್‌ಲೈಟ್ ಹಾಕಿದಳು.

"ಬಾಗಿಯಕ್ಕ, ಆ ಹಳದಿ ಲೈಟು ಯಾಕೆ ಅಲ್ಲಿ?"

"ಫ್ರಿಜ್ಜು ತೆಗೆಯುವ ಮೊದಲು ಬಿಳಿ ಲೈಟು ಆರಿಸಿ ಅದನ್ನು ಹಾಕ್ಬೇಕು. ಇಲ್ಲದಿದ್ರೆ ಗಮ್ಮು ಗಟ್ಟಿಯಾಗಿ ಹಾಳಾಗ್ತದೆ. ದೊಡ್ಡ ಡಾಕ್ಟ್ರು ಮನೆಯಲ್ಲಿ ಫ್ರಿಜ್ಜು ತೆಗೆಯುವಾಗಲೂ ಅಭ್ಯಾಸಬಲದಿಂದ ಲೈಟು ಆರಿಸ್ತಾರೆ ಅಂತ ಶರ್ಲಿಬಾಯಿ ನಗಾಡ್ತಾ ಇದ್ರು."

*

ಶರ್ಲಿಯನ್ನು ಪ್ರಯೋಗಾಲಯಕ್ಕೆ ಕರೆಸಿದಾಗ ಮೂರೂವರೆ. ಹೇಮಾಕ್ಷಿ ಮೂರು ಪ್ರಶ್ನೆ ಕೇಳಿದಳು.

"ಫ್ರಿಜ್ಜಲ್ಲಿ ಸಿರಿಂಜು ಎಷ್ಟಿತ್ತು?"

"ಶನಿವಾರ ನಾನೇ ಎಣಿಸಿಟ್ಟೆ. ಇಪ್ಪತ್ನಾಲ್ಕು."

ನೆಲದಿಂದ ಹೆಕ್ಕಿ ಮಹಜರಿನಲ್ಲಿ ಬರೆದದ್ದು ಇಪ್ಪತ್ಮೂರು.

"ಈ ಅಂಟು ಹಾಕಿದ ಗಾಯ ಹೊರಗೆ ಹೇಗೆ ಕಾಣ್ತದೆ?"

"ಸರಿಯಾಗಿ ಹಾಕಿದ್ರೆ ಒಂದು ಗೆರೆ ಅಷ್ಟೇ. ಮೊದಲ ದಿನ ಸ್ವಲ್ಪ ಗುಲಾಬಿ. ಮಡಿಕೆಯಲ್ಲಿ ಬಂದ್ರೆ ಕಾಣುದೇ ಇಲ್ಲ."

"ನೀಲಿ ದೀಪ ಯಾರು ಯಾವಾಗ ಹಚ್ಚಿದ್ರು ಅಂತ ಗೊತ್ತಾಗ್ತದಾ?"

ಶರ್ಲಿ ದೀಪ ತಂದಳು. ಉದ್ದ ಕಾಲಿನ ಸ್ಟ್ಯಾಂಡು, ಕೆಳಗೆ ಪಾದದಲ್ಲಿ ಒತ್ತುವ ಸ್ವಿಚ್ಚು, ಹಿಂದೆ ಚಿಕ್ಕ ಪರದೆ. "ಪ್ರತಿ ಸಲ ಎಷ್ಟು ಸೆಕೆಂಡು ಉರಿಯಿತು ಅಂತ ಇದರೊಳಗೆ ಇರ್ತದೆ. ತಿಂಗಳ ಕೊನೆಗೆ ಒಟ್ಟು ಎಷ್ಟು ಸಲ ಹಚ್ಚಿದ್ದು ಅಂತ ಮಾತ್ರ ಬರೆದುಕೊಳ್ಳುವುದು ನನ್ನ ಕೆಲಸ. ಬೇರೆ ಯಾರೂ ನೋಡುದಿಲ್ಲ."

ಗುಂಡಿ ಒತ್ತಿದಳು. ಕೊನೆಯ ಸಾಲು: ಭಾನುವಾರ, ನಾಲ್ಕೂ ನಲವತ್ತೊಂದು. ನೂರಾ ಇಪ್ಪತ್ತು ಸೆಕೆಂಡು.

ಶರ್ಲಿ ಕುಸಿದು ಕೂತಳು. ಅವಳಿಗೆ ಅರ್ಥವಾಗಿತ್ತು. ಹೇಮಾಕ್ಷಿ ಮಾತ್ರ ಹಿಂದಿನ ಸಾಲುಗಳನ್ನು ಓದುತ್ತಿದ್ದಳು. ನಲವತ್ತು. ನಲವತ್ತು. ಮೂವತ್ತೆಂಟು. ನಲವತ್ತು.

"ಎಷ್ಟು ಹೊತ್ತು ಬೆಳಕು ಹಿಡೀಬೇಕು?"

"ಎರಡು ನಿಮಿಷ. ಸರ್ ಗಡಿಯಾರ ನೋಡ್ತಾ ಇರ್ಲಿಲ್ಲ. ಮೇರಿಮಾತೆಯ ಪ್ರಾರ್ಥನೆ, ಆರು ನಮಾನ್ ಮರಿಯೆ ಹೇಳ್ತಿದ್ರು, ಮೆಲ್ಲಗೆ. ಆರನೆಯ ಪ್ರಾರ್ಥನೆ ಮುಗಿಯುವ ತನಕ ಪಾದ ತೆಗೀತಿರ್ಲಿಲ್ಲ. ರೋಗಿ ಹಿಂದು ಆಗ್ಲಿ, ಬ್ಯಾರಿ ಆಗ್ಲಿ, ಅವರ ಜೊತೆ ಇವರ ಪ್ರಾರ್ಥನೆ." ಅವಳು ಪರದೆ ನೋಡಿದಳು. "ನಲವತ್ತು ಯಾರು... ಇವು ಎಲ್ಲ ಜೋಯೆಲ್ ಹಾಕಿದ ಕೇಸು."

"ಜಯನ ಫೈಲು ಉಂಟಾ?"

ಫೈಲಿನಲ್ಲಿ "ಪೂರ್ತಿ ಗುಣ" ಎಂದು ಬರೆದಿತ್ತು. ಜೊತೆಗೆ ಒಂದು ಕೈಯ ಫೋಟೋ. ನವಿರಾದ ಗೆರೆ, ಚಂದದ ಕೈ.

ಹೇಮಾಕ್ಷಿ ಅದನ್ನು ಠಾಣೆಗೆ ಒಯ್ದು ಜಯನ ಮುಂದಿಟ್ಟಳು. ಜಯ ಮೊದಲು ಫೋಟೋ ನೋಡಿದ, ಆಮೇಲೆ ಅವಳನ್ನು ನೋಡಿದ. ತನ್ನ ಕಿರುಬೆರಳು ಚಾಚಿದ. ಮೂವತ್ತು ವರ್ಷ ನೂಲು ಎಳೆದು ಬೆರಳಿನ ಬುಡದಲ್ಲಿ ಗಾಡಿಹಾದಿಯಂತೆ ಹಳ್ಳ ಬಿದ್ದಿತ್ತು.

"ಬಲೆ ಹೆಣೆಯುವವನ ಕೈಯಾ ಮೇಡಂ ಇದು? ಇದು ಯಾರೋ ಪೆನ್ನು ಹಿಡಿಯುವವರದ್ದು."

"ನಿಮಗೆ ಗಮ್ಮು ಹಾಕಿದ್ದು ಯಾರು?"

"ಸಣ್ಣ ಡಾಕ್ಟ್ರು. ಲೈಟು ಹಿಡಿದು ಫೋನು ನೋಡ್ತಾ ಇದ್ರು. ಹೊರಗೆ ಇನ್ನೂ ನಾಲ್ಕು ಜನ ಕಾಯ್ತಿದ್ರು. ನನ್ನ ಮೊದಲು ಹೋದವರಿಗೆ ದೊಡ್ಡ ಡಾಕ್ಟ್ರು ಎಂತದೋ ಪ್ರಾರ್ಥನೆ ಹೇಳಿ ಹಿಡಿದದ್ದು ಹೊರಗೆ ಕೇಳಿತ್ತು. ನನಗೂ ಹೇಳಿದ್ರೆ ಒಳ್ಳೇದಿತ್ತು ಅಂತ ಅನ್ನಿಸಿತ್ತು."

*

ಮಂಗಳವಾರ ಬೆಳಿಗ್ಗೆ ಒಂಬತ್ತು. ಕೋರ್ಟಿಗೆ ಇನ್ನು ಎರಡು ಗಂಟೆ. ಒಳಕೋಣೆಯಲ್ಲಿ ಐದು ಜನ: ಹೇಮಾಕ್ಷಿ, ಉಸ್ಮಾನ್, ಶರ್ಲಿ, ಬಾಗಿ, ಜೋಯೆಲ್. ಎಸಿಪಿ ಬಾಗಿಲಲ್ಲಿ ನಿಂತು ವಾಚು ನೋಡಿಕೊಳ್ಳುತ್ತಿದ್ದರು. ಜೋಯೆಲ್ ಡಾಕ್ಟರ ಅಂತ್ಯಸಂಸ್ಕಾರಕ್ಕೆಂದು ಕಪ್ಪು ಪ್ಯಾಂಟು, ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ.

"ಈ ಲೋಳೆಯ ಬಣ್ಣ ಒಂದು ವಾರ ಚರ್ಮ ಬಿಡುವುದಿಲ್ಲವಂತೆ," ಎಂದಳು ಹೇಮಾಕ್ಷಿ. "ಕಣ್ಣಿಗೆ ಕಾಣುವುದಿಲ್ಲ. ನೀಲಿ ದೀಪದಲ್ಲಿ ಕಾಣ್ತದೆ. ಹೌದಾ ಸಿಸ್ಟರ್?"

"ಹೌದು."

ಉಸ್ಮಾನ್ ಟ್ಯೂಬ್‌ಲೈಟ್ ಆರಿಸಿದ. ಶರ್ಲಿ ಪಾದ ಒತ್ತಿದಳು. ಎಲ್ಲರ ಮುಖ ನೀಲಿಯಾಯಿತು.

ಶರ್ಲಿ ಮೊದಲು ಕೈ ಚಾಚಿದಳು. ಬೆರಳ ತುದಿಗಳಲ್ಲಿ ಕಿತ್ತಳೆ ಚುಕ್ಕೆಗಳು ಹೊಳೆದವು. ಉಸ್ಮಾನ್ ಒಂದು ಹೆಜ್ಜೆ ಮುಂದೆ ಬಂದ.

"ನಿಲ್ಲಿ," ಎಂದಳು ಹೇಮಾಕ್ಷಿ. "ಸಿರಿಂಜು ತುಂಬುವವರ ಬೆರಳು ಹಾಗೇ ಇರ್ತದೆ. ಚುಕ್ಕೆ. ನನಗೆ ಬೇಕಾದ್ದು ಗೆರೆ."

ಬಾಗಿ ಕೈ ಚಾಚಿದಳು. ಏನೂ ಇಲ್ಲ. ಆಮೇಲೆ ಯಾರೂ ಕೇಳದಿದ್ದರೂ ಹಿಮ್ಮಡಿ ಎತ್ತಿ ತೋರಿಸಿದಳು. ಅದು ದೀಪಾವಳಿಯ ಹಣತೆಯ ಹಾಗೆ ಹೊಳೆಯಿತು. ಎಸಿಪಿಗೂ ನಗು ಬಂತು.

ಜೋಯೆಲ್ ಎಡಗೈ ಚಾಚಿದ.

"ಬಲಗೈ, ಡಾಕ್ಟ್ರೇ."

"ನಿನ್ನೆ ತೋರಿಸಿದ್ದೇನಲ್ಲ."

"ನಿನ್ನೆ ಬಿಳಿ ಬೆಳಕಿನಲ್ಲಿ ತೋರಿಸಿದಿರಿ."

ಜೋಯೆಲ್ ಬಾಗಿಲ ಕಡೆ ನೋಡಿದ. ಅಲ್ಲಿ ಎಸಿಪಿ ಇದ್ದರು. ಕೊನೆಗೆ ಕೈ ತೆರೆದ. ಹೆಬ್ಬೆರಳ ಬುಡದ ಮಡಿಕೆಯಿಂದ ಅಂಗೈಯ ಆಚೆ ಅಂಚಿನವರೆಗೆ ಒಂದೇ ಒಂದು ಕಿತ್ತಳೆ ಗೆರೆ ಉರಿಯಿತು. ನೇರ, ತೆಳು, ಎಲ್ಲೂ ತುಂಡಾಗದ ಗೆರೆ.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತ ಕೇಳಿದ್ರಿ ಉಸ್ಮಾನ್," ಎಂದಳು ಹೇಮಾಕ್ಷಿ. "ಈ ಅಂಗೈಗೆ ದೀಪ ಬೇಕಾಯ್ತು."

*

ಎಸಿಪಿಗೆ ಬಿಡಿಸಿ ಹೇಳಬೇಕಾಯಿತು. ಅವರು ಅರ್ಥವಾದದ್ದನ್ನೂ ಇನ್ನೊಮ್ಮೆ ಕೇಳುವವರು.

"ಮೊದಲು ಸ್ವಿಚ್ಚು," ಎಂದಳು ಹೇಮಾಕ್ಷಿ. "ಕೊಂದವನ ಕೈಯಿಂದ ರಕ್ತ ಹೋಗ್ತಿತ್ತು. ಹೊರಗೆ ಹೆಣ. ಅಂಥ ಹೊತ್ತಲ್ಲೂ ಅವನು ಬಿಳಿ ದೀಪ ಆರಿಸಿ ಹಳದಿ ದೀಪ ಹಾಕಿದ. ಎರಡೂ ಸ್ವಿಚ್ಚಿನಲ್ಲಿ ರಕ್ತ ಉಂಟು. ಗಮ್ಮು ಹಾಳು ಮಾಡಲಿಕ್ಕೆ ಬಂದವ ಗಮ್ಮು ಹಾಳಾಗಬಾರದು ಅಂತ ನೋಡ್ತಾನಾ? ಅವನಿಗೆ ಒಂದು ಸಿರಿಂಜು ಬೇಕಿತ್ತು, ತನ್ನ ಕೈಗೆ. ಅದು ಆದ ಮೇಲೆ ಉಳಿದದ್ದನ್ನು ತುಳಿದ, ಜಯನ ತಲೆಗೆ ಕಟ್ಟಲಿಕ್ಕೆ. ಆದರೆ ಹೋಗುವಾಗ ದೀಪ ಬದಲಿಸಲು ಮರೆತ. ಚೆಲ್ಲಿದ ಲೋಳೆ ಇಡೀ ರಾತ್ರಿ ಮೆತ್ತಗೇ ಉಳಿಯಿತು, ಬಾಗಿಯಕ್ಕ ಅದರಲ್ಲಿ ಜಾರಿದರು."

"ಶರ್ಲಿಗೂ ಆ ಅಭ್ಯಾಸ ಉಂಟಲ್ಲ?"

"ಉಂಟು. ಆದರೆ ಶರ್ಲಿಗೆ ಈ ದೀಪ ಎಲ್ಲ ಬರೆದಿಡ್ತದೆ ಅಂತ ಗೊತ್ತಿತ್ತು. ಅವರಾಗಿದ್ದರೆ ದೀಪವನ್ನೇ ಒಡೆದು ಹಾಕ್ತಿದ್ರು. ಇಪ್ಪತ್ಮೂರು ಸಿರಿಂಜು ತುಳಿದವ ದೀಪವನ್ನು ಮುಟ್ಟಲಿಲ್ಲ. ಮತ್ತೆ ಜಯ. ಇಲ್ಲಿ ಕೈಗೆ ಅಂಟು ಹಾಕಿಕೊಂಡವ ಅರ್ಧ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಿ ಅದೇ ಕೈಗೆ ಆರು ಹೊಲಿಗೆ ಹಾಕಿಸ್ತಾನಾ?"

"ಮತ್ತೆ ಕಾರಣ?"

"ಜಯನ ಮಾತು ಕೇಳಿ ಡಾಕ್ಟರು ಫೈಲು ತೆಗೆದರು. ಗಾಯ ಬಿಚ್ಚಿದವನ ಹೆಸರಲ್ಲಿ ಇನ್ನೊಬ್ಬರ ಕೈ. ಜಯನದೊಂದೇ ಅಲ್ಲ, ನಿನ್ನೆ ಸಂಜೆ ಎಣಿಸಿದೆವು, ಹನ್ನೆರಡು ಫೋಟೋ ಸುಳ್ಳು. ಭಾನುವಾರ ಡಾಕ್ಟರು ಪ್ರಯೋಗ ನಿಲ್ಲಿಸಿ ಎಂದು ಮೇಲಿನವರಿಗೆ ಪತ್ರ ಬರೆಯುತ್ತಾ ಕೂತಿದ್ದಿರಬೇಕು. ಪೆನ್ನು ಕೈಯಲ್ಲೇ ಇತ್ತು. ಪತ್ರ ಇರಲಿಲ್ಲ."

ಜೋಯೆಲ್ ಅಲ್ಲಿಯವರೆಗೆ ತಲೆ ತಗ್ಗಿಸಿಯೇ ಇದ್ದ. ಈಗ ಮಾತಾಡಿದ. ಸ್ವರದಲ್ಲಿ ಏರಿಳಿತವೇ ಇರಲಿಲ್ಲ.

"ನನ್ನ ಹೆಸರೂ ಹೋಗ್ತದೆ ಸರ್, ಸ್ವಲ್ಪ ತಡೀರಿ ಅಂದೆ. ಅವರು ತಿರುಗಿ ನೋಡ್ಲಿಲ್ಲ. ಬರೀತಾನೇ ಹೇಳಿದ್ರು, 'ತಪ್ಪು ನಿನ್ನದಲ್ಲ ಜೋಯೆಲ್. ನನ್ನ ಗಮ್ಮೇ ಹಿಡಿಯುದಿಲ್ಲ. ಹನ್ನೊಂದು ವರ್ಷ ನಾನೇ ನನಗೆ ಸುಳ್ಳು ಹೇಳಿಕೊಂಡೆ' ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಅದು ಹಿಡಿಯುದಿಲ್ಲ ಅಂತಲೇ ಫೋಟೋ ಬದಲಿಸಿದ್ದು."

"ಮತ್ತೆ ನಿಮ್ಮ ಕೈಗೆ ಯಾಕೆ ಎರಡು ನಿಮಿಷ?" ಎಂದಳು ಶರ್ಲಿ. "ಬೇರೆಯವರಿಗೆ ನಲವತ್ತು ಸೆಕೆಂಡು. ನಿಮಗೆ ಯಾಕೆ ಎರಡು ನಿಮಿಷ?"

"ರಕ್ತ ನಿಲ್ತಾ ಇರ್ಲಿಲ್ಲ. ಬ್ಯಾಂಡೇಜು ಕಟ್ಟಿದ್ರೆ ಸಿಕ್ಕಿಬೀಳ್ತಿದ್ದೆ, ಗಮ್ಮು ಬಿಟ್ಟು ಬೇರೆ ದಾರಿ ಇರ್ಲಿಲ್ಲ. ಹೆದರಿಕೆಯಾಯ್ತು. ಪಾದ ತೆಗೀಲಿಕ್ಕೇ ಆಗ್ಲಿಲ್ಲ." ಅವನು ತನ್ನ ಅಂಗೈ ನೋಡಿಕೊಂಡ. "ಮೇಣದಬತ್ತಿ ಹಿಡಿದಾಗ ಗೊತ್ತಾಯ್ತು. ಹಿಡಿದಿತ್ತು."

ಡಾಕ್ಟರ್ ಸೆವರಿನ್ ತಾನು ಸೋತೆ ಎಂದುಕೊಂಡೇ ಸತ್ತಿದ್ದರು. ಅವರು ಗೆದ್ದದ್ದು ಗೊತ್ತಾದ ಮೊದಲ ಮನುಷ್ಯ ಅವರನ್ನು ಕೊಂದವನು. ಶರ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹೇಮಾಕ್ಷಿ ಉಸ್ಮಾನನಿಗೆ ಸನ್ನೆ ಮಾಡಿದಳು.

ಉಸ್ಮಾನ್ ಜೋಯೆಲನಿಗೆ ಕೋಳ ತೊಡಿಸಿದ. ಬಲಗೈಗೆ ಸ್ವಲ್ಪ ಸಡಿಲ ಬಿಟ್ಟ.

*

ಹನ್ನೊಂದಕ್ಕೆ ಕೋರ್ಟಿಗೆ ಹೋದದ್ದು ಜೋಯೆಲ್. ಅದಕ್ಕೆ ಮೊದಲು ಪೊಲೀಸ್ ವೈದ್ಯರು ಅವನ ಅಂಗೈ ನೋಡಿ ವರದಿ ಬರೆದರು. ಇಂಥ ಗಾಯ ಎರಡೇ ದಿನದಲ್ಲಿ ಇಷ್ಟು ಚೆನ್ನಾಗಿ ಕೂಡಿದ್ದನ್ನು ತಾನು ನೋಡಿಲ್ಲ ಎಂದರು. ಶರ್ಲಿ ಹೇಮಾಕ್ಷಿಯ ಅನುಮತಿ ಕೇಳಿ ಒಂದು ಫೋಟೋ ತೆಗೆದುಕೊಂಡಳು. ಪ್ರಯೋಗದ ದಪ್ಪ ಪುಸ್ತಕದಲ್ಲಿ ಹೊಸ ಸಾಲು ಬರೆದಳು: ಹೆಸರು, ಬಲ ಅಂಗೈ, ನೂರಾ ಇಪ್ಪತ್ತು ಸೆಕೆಂಡು, ಕೂಡಿದೆ. ಮೇಲಿನ ಹನ್ನೆರಡು ಸಾಲುಗಳಿಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಳು.

ಪತ್ರಿಕೆಯವರಿಗೆ ಹೇಮಾಕ್ಷಿ ತಾನೇ ಹೇಳಿಕೆ ಕೊಟ್ಟಳು. ಜಯನ ಹೆಸರನ್ನು ಎರಡು ಸಲ ಹೇಳಿದಳು: ಒಮ್ಮೆ ನಿರಪರಾಧಿ ಎಂದು, ಇನ್ನೊಮ್ಮೆ ಇವರ ಮಾತಿನಿಂದಲೇ ಕಳ್ಳ ಫೋಟೋ ಹೊರಬಂತು ಎಂದು. ಎಸಿಪಿಗೆ ಎರಡನೆಯದು ಅಷ್ಟೇನೂ ಹಿಡಿಸಲಿಲ್ಲ. ಅವಳು ನೋಡಿಯೂ ನೋಡದ ಹಾಗಿದ್ದಳು.

ದೀಕ್ಷಿತಾ ಠಾಣೆಯ ಮೆಟ್ಟಿಲಲ್ಲಿ ಕಾಯುತ್ತಿದ್ದಳು. ಜಯ ಹೊರಗೆ ಬಂದ. ಶರ್ಲಿ ಅವನಿಗೆ ಎದುರಾದಳು. ಅವನ ಬ್ಯಾಂಡೇಜು ನೋಡಿದಳು.

"ಪುನಃ ಕೈ ಕೊಯ್ದುಕೊಂಡ್ರೆ ನಮ್ಮಲ್ಲಿಗೆ ಬನ್ನಿ ಜಯಣ್ಣ. ಸರ್ ಗಮ್ಮು ಹಿಡೀತದೆ."

ಜಯ ಬ್ಯಾಂಡೇಜಿನ ಕೈ ಎತ್ತಿ ನೋಡಿಕೊಂಡ.

"ಬರ್ತೇನೆ ಸಿಸ್ಟರ್," ಎಂದ. "ಆದ್ರೆ ಆರೂ ಪ್ರಾರ್ಥನೆ ಹೇಳ್ಬೇಕು."